ಮೋತಿಯಕ್ಕನ ಹೆಬ್ಬೆರಳು

ಮೋತಿಯಕ್ಕ ಮುಟ್ಟಿದ ವಸ್ತುವಿನ ಮೇಲೆ ಎಲ್ಲಾದರೂ ಒಂದು ಕಡೆ ಸಾಸಿವೆ ಎಣ್ಣೆಯ ಹೆಬ್ಬೆಟ್ಟು ಮೂಡಿಯೇ ಇರುತ್ತಿತ್ತು. ಬಾಗಿಲ ಚಿಲಕದ ಮೇಲೆ, ಅವಲಕ್ಕಿ ಡಬ್ಬದ ಮುಚ್ಚಳದ ಮೇಲೆ, ಸ್ವಯಂಭೂ ಚೈತ್ಯಕ್ಕೆ ಹೋಗುವಾಗ ಕೈಯಲ್ಲಿರುತ್ತಿದ್ದ ಕೊಡೆಯ ಹಿಡಿಕೆಯ ಮೇಲೆ, ಅವಳು ಎತ್ತಿ ಮುದ್ದಿಸಿದ ನೆರೆಮನೆಯ ಕೂಸುಗಳ ಗಲ್ಲದ ಮೇಲೆ, ಹೀಗೆ ಅಸನ್ ಪೇಟೆಯ ಹಿಂಬದಿಯ ನಮ್ಮ ಚೌಕದ ಇಪ್ಪತ್ತೆರಡು ಮನೆಗಳಲ್ಲಿ ಆ ಮುದ್ರೆ ಬೀಳದ ಮನೆಯೇ ಇರಲಿಲ್ಲ. ಸಾಬೂನು ಹಾಕಿ ತಿಕ್ಕಿದರೂ ಹೋಗದೆ ಅವಳ ಬಲಗೈ ಹೆಬ್ಬೆರಳಿನ ಚರ್ಮದೊಳಕ್ಕೇ ಇಳಿದುಹೋಗಿದ್ದ ಆ ಎಣ್ಣೆಯನ್ನು ನೋಡಿ ಹೊಸದಾಗಿ ಬಂದ ಸೊಸೆಯರು ಮೂಗು ಮುರಿಯುತ್ತಿದ್ದರು. ವರ್ಷ ತುಂಬುವುದರೊಳಗೆ ಕಾರಣ ತಿಳಿದು, ತಾವೇ ತಮ್ಮ ಕೂಸುಗಳನ್ನು ಅವಳ ಕೈಗೆ ಕೊಡುತ್ತಿದ್ದರು.

ಕಾರಣ ಅವಳ ಮನೆಯ ಮೂರನೆಯ ಅಂತಸ್ತಿನ ಕಿಟಕಿಯ ಬಳಿ ಇತ್ತು. ಅಲ್ಲಿ ಹುಲ್ಲು ಚಾಪೆಯ ಮೇಲೆ ಒಂದು ಖಾಲಿ ಆಸನ. ಅದರ ಮುಂದೆ ಅಕ್ಕಿಹಿಟ್ಟಿನ ಮಂಡಲ. ಅದರ ಸುತ್ತ ಎಣ್ಣೆಯ ಬಳೆ. ಸ್ವಂತಿ ಹಬ್ಬದ ಕೊನೆಯ ದಿನ, ಯಮದ್ವಿತೀಯೆಯಂದು, ನಮ್ಮ ಹೆಣ್ಣುಮಕ್ಕಳು ಅಣ್ಣತಮ್ಮಂದಿರನ್ನು ಕೂರಿಸಿ ಪೂಜಿಸುವಾಗ ಇಂಥದೇ ಬಳೆ ಎಳೆಯುತ್ತಾರೆ. ಹಿಂದೆ ಒಬ್ಬ ಅಕ್ಕ, ತಮ್ಮನನ್ನು ಒಯ್ಯಲು ಬಂದ ಯಮನನ್ನು ಹೊಸಿಲಲ್ಲೇ ತಡೆದು, "ಈ ಎಣ್ಣೆ ಆರುವ ತನಕ, ಈ ಹೂ ಬಾಡುವ ತನಕ ಇವನನ್ನು ಮುಟ್ಟಬೇಡ" ಎಂದು ಮಾತು ಈಸಿಕೊಂಡಳಂತೆ. ಆ ಹೂ ಮಖಮಲಿ. ಗುಂಡಗಿನ, ನೇರಳೆ ಬಣ್ಣದ, ಕೊಯ್ದು ವರ್ಷವಾದರೂ ಬಾಡದ ಹೂ. ಎಣ್ಣೆ ಮಾತ್ರ ಆರುತ್ತದೆ. ಉಳಿದ ಮನೆಗಳವರು ಮರುದಿನ ಮಂಡಲವನ್ನು ಗುಡಿಸಿ ಹೊಳೆಗೆ ಬಿಟ್ಟು ಯಮನೊಂದಿಗಿನ ವ್ಯವಹಾರವನ್ನು ಮುಂದಿನ ವರ್ಷಕ್ಕೆ ಮುಂದೂಡುತ್ತಿದ್ದರು. ಮೋತಿಯಕ್ಕನಿಗೆ ಅಷ್ಟು ಧೈರ್ಯವಿರಲಿಲ್ಲ. ಅವಳು ದಿನಾ ಬೆಳಿಗ್ಗೆ ಹೆಬ್ಬೆರಳನ್ನು ಎಣ್ಣೆಯಲ್ಲಿ ಅದ್ದಿ ಆ ಬಳೆಯ ಮೇಲೆ ಒಂದು ಸುತ್ತು ಎಳೆದ ಮೇಲೆಯೇ ಬಾಯಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಜ್ವರವಿದ್ದರೂ ತಪ್ಪಿಸುತ್ತಿರಲಿಲ್ಲ, ಭೂಕಂಪದ ನಡುಕ ಬಂದ ಬೆಳಿಗ್ಗೆ ಚೌಕವೆಲ್ಲ ಬಯಲಿಗೆ ಓಡಿದರೆ, ಇವಳು ಮೇಲಕ್ಕೆ ಓಡಿದಳು.

ಆ ಖಾಲಿ ಆಸನ ಬೇಖಾರತ್ನನದು, ಅವಳ ಒಬ್ಬನೇ ತಮ್ಮನದು. ಹತ್ತೊಂಬತ್ತನೆಯ ವಯಸ್ಸಿಗೆ, ನಮ್ಮ ಜಾತಿಯ ಗಂಡಸರೆಲ್ಲ ಹೋಗುವಂತೆ, ಲಾಸಾದ ವ್ಯಾಪಾರದ ಕೋಠಿಯಲ್ಲಿ ಕೆಲಸಕ್ಕೆಂದು ಹೋದವನು. ಉಳಿದವರು ನಾಲ್ಕೈದು ವರ್ಷ ಅಲ್ಲಿದ್ದು, ಕಸ್ತೂರಿಯನ್ನೋ ಉಣ್ಣೆಯನ್ನೋ ಹೊರಿಸಿಕೊಂಡು, ಕೆನ್ನೆ ಕೆಂಪಗೆ ಮಾಡಿಕೊಂಡು ಮರಳಿ ಬರುತ್ತಿದ್ದರು. ಬೇಖಾನಿಗೆ ಅಂಗಡಿ ಹಿಡಿಸಲಿಲ್ಲ, ಕಾಲ್ನಡಿಗೆ ಹಿಡಿಸಿತು. ಹೇಸರಗತ್ತೆಯವರ ಜೊತೆ ಊರೂರು ಅಲೆಯತೊಡಗಿದ. ಅವನ ಕಾಗದಗಳು ವರ್ಷಕ್ಕೊಂದರಂತೆ ಬರುತ್ತಿದ್ದವು. ಒಂದೊಂದೂ ಹೊಸ ಊರಿನಿಂದ. ಒಂದೊಂದರಲ್ಲಿಯೂ ಆರೇಳು ಸಾಲು. "ಇಲ್ಲಿ ಸಗಣಿಯನ್ನು ಗೋಡೆಗೆ ತಟ್ಟಿ ಅದರ ಮೇಲೆಯೇ ಹಿಮ ಬೀಳುತ್ತದೆ. ನನಗೆ ಆರೋಗ್ಯ." ಕೊನೆಯ ಕಾಗದದಲ್ಲಿ, ಉತ್ತರಕ್ಕೆ ಉಪ್ಪಿನ ಸರೋವರ ಇದೆಯಂತೆ, ನೋಡಿ ಬರುತ್ತೇನೆ ಎಂದು ಬರೆದಿದ್ದ. ಬರ್ಮಾದ ಕಡೆ ಯುದ್ಧ ನಡೆಯುತ್ತಿದ್ದ ಕಾಲ ಅದು. ಆಮೇಲೆ ಕಾಗದ ಬರಲಿಲ್ಲ.

ಮೋತಿಯಕ್ಕ ತವರಿನಲ್ಲಿ ಇದ್ದದ್ದಕ್ಕೂ ಒಂದು ಕಥೆಯಿದೆ. ಥಿಮಿಯ ಗಂಡನ ಮನೆಯಲ್ಲಿ ಮೂರು ವರ್ಷ ಬಾಳಿ, ಒಂದು ಮಾಘದ ಮುಂಜಾನೆ ಮಲಗಿದ್ದ ಅವನ ದಿಂಬಿನ ಕೆಳಗೆ ಎರಡು ಅಡಿಕೆ ಇಟ್ಟು ಹೊರಟು ಬಂದವಳು ಅವಳು. ನಮ್ಮಲ್ಲಿ ಹೆಂಡತಿ ಗಂಡನನ್ನು ಬಿಡುವುದಕ್ಕೆ ಅಷ್ಟು ಸಾಕು. ಅಡಿಕೆ ಇಟ್ಟರೆ ಮುಗಿಯಿತು, ಪಂಚಾಯಿತಿಯಿಲ್ಲ. ಏಕೆ ಬಿಟ್ಟೆ ಎಂದು ಕೇಳಿದವರಿಗೆ, "ಊಟ ಮಾಡುವಾಗ ಮಾತಾಡ್ತಿರಲಿಲ್ಲ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಬೇಖಾ ಊರು ಬಿಟ್ಟದ್ದು ಅದರ ಮುಂದಿನ ಚಳಿಗಾಲ.

ಅವಳ ನಡಿಗೆಯನ್ನು ಯಾರಾದರೂ ದೂರದಿಂದಲೇ ಗುರುತಿಸಬಹುದಾಗಿತ್ತು. ಚೈತ್ಯವನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ನಮ್ಮೆಲ್ಲರ ರೂಢಿ. ಅವಳು ಮಾತ್ರ ದಾರಿಯಲ್ಲಿ ಮಲಗಿದ ನಾಯಿಯನ್ನೂ, ಒಣಹಾಕಿದ ಮೆಣಸಿನಕಾಯಿಯ ಚಾಪೆಯನ್ನೂ, ಜಗಳವಾಡುತ್ತ ನಿಂತ ಇಬ್ಬರು ಹೆಂಗಸರನ್ನೂ ಬಲಕ್ಕಿಟ್ಟುಕೊಂಡೇ ದಾಟುತ್ತಿದ್ದಳು. ಸೀರೆಯ ಮೇಲೊಂದು ಗಂಡಸಿನ ಕರಿ ಕೋಟು. ಎರಡು ಸುತ್ತು ಮಡಿಸಿದ ತೋಳು. ಜೇಬಿನ ತುಂಬ ಅಕ್ರೋಟು. ನಡೆದರೆ ಆ ಕಾಯಿಗಳು ಕಟಕಟ ಎನ್ನುತ್ತಿದ್ದವು. ಆ ಕೋಟು ಬೇಖಾ ಬಿಟ್ಟುಹೋದದ್ದೆಂದು ಚೌಕವೆಲ್ಲ ನಂಬಿತ್ತು. ಅವಳೂ ಅಲ್ಲವೆಂದಿರಲಿಲ್ಲ. ಇನ್ನು ಅವಳ ಮಾತು. ಮಾಡು ಸೋರಿದರೆ "ಅವನು ಬರ್ಲಿ", ಬೆಕ್ಕು ಮರಿ ಹಾಕಿ ಸಾಕುವವರಿಲ್ಲದಿದ್ದರೆ "ಅವನು ಬರ್ಲಿ", ಹಲ್ಲುನೋವಿಗೆ ಔಷಧಿ ತರಲೇ ಎಂದರೂ "ಅವನು ಬರ್ಲಿ, ನೋಡೋಣ". ಬಂದವನು ಮೊದಲು ಸ್ನಾನ ಮಾಡುವನೋ ಹಲ್ಲು ಕೀಳುವನೋ ಎಂದು ನಾವು ನಗುತ್ತಿದ್ದೆವು. ಅವಳಿಗೆ ನಗು ಬರುತ್ತಿರಲಿಲ್ಲ.

ಅವನಿಗೆ ಹೋಗುವ ವರ್ಷದ ಕಾಗದವನ್ನು ಬರೆಯುತ್ತಿದ್ದವನು ನಾನು. ಸ್ವಂತಿ ಕಳೆದ ಮೂರನೆಯ ದಿನ ಮೋತಿಯಕ್ಕನ ತಂಗಿ ನಾನಿಹೇರಾ ಬಾಗಮತಿ ಹೊಳೆ ದಾಟಿ ಪಾಟಣದಿಂದ ಬರುತ್ತಿದ್ದಳು. ಅಲ್ಲಿ ಗಂಡ, ಮೂರು ಮಕ್ಕಳು, ಪೀಡಿಸುವ ಅತ್ತೆ. ಅಕ್ಕ ಒಣಗಿದ ಕೋಲಿನಂತಿದ್ದರೆ ತಂಗಿ ಮೆತ್ತನೆಯವಳು, ಮಾತಿಗೆ ಮೊದಲು ಕಣ್ಣೀರು ಹಾಕುವವಳು. ಇಬ್ಬರೂ ನನ್ನ ಎರಡು ಪಕ್ಕ ಕೂತು ಒಂದೇ ಕಾಗದಕ್ಕೆ ಎರಡು ಕಾಗದ ಹೇಳುತ್ತಿದ್ದರು.

"ಬೆಚ್ಚಗಿರು ಅಂತ ಬರಿ, ಬಾಬು."

"ಅದನ್ನ ಹೋದ ವರ್ಷ ಬರೆದಾಯ್ತಲ್ಲ ಅಕ್ಕ. ಯಾವಾಗ ಬರ್ತೀಯ ಅಂತ ಕೇಳು."

"ಹಾಗೆಲ್ಲ ಕೇಳ್ಬೇಡ. ಕೇಳಿದ್ರೆ ನಾಚ್ಕೊಂಡು ಬರೋದೇ ಇಲ್ಲ. ಬೆಚ್ಚಗಿರು ಅಂತಲೇ ಬರಿ."

ಕಾಗದದ ಮೂಲೆಯಲ್ಲಿ ಹೆಬ್ಬೆಟ್ಟಿನ ಎಣ್ಣೆ ಹರಡಿ ಮಸಿ ಕದಡುತ್ತಿತ್ತು. ಅದೇ ಅವಳ ರುಜು. ಕಾಗದವನ್ನೂ ಒಂದು ಮಖಮಲಿ ಹಾರವನ್ನೂ ಬಟ್ಟೆಯಲ್ಲಿ ಕಟ್ಟಿ, ಆ ವರ್ಷ ಉತ್ತರಕ್ಕೆ ಹೊರಟ ವ್ಯಾಪಾರಿಯ ಕೈಗೆ ಕೊಟ್ಟು, "ಎಲ್ಲಿ ಸಿಕ್ಕಿದ್ರೆ ಅಲ್ಲಿ ಕೊಡಪ್ಪ" ಎನ್ನುತ್ತಿದ್ದಳು. ಮರುವರ್ಷ ಅವನು ಬಂದದ್ದೇ ತಡ ಅವನ ಮನೆಬಾಗಿಲಲ್ಲಿ ನಿಂತಿರುತ್ತಿದ್ದಳು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: ಕೊಟ್ಟೆ ಅಕ್ಕ, ಚೆನ್ನಾಗಿದ್ದಾನೆ. ಅಷ್ಟಕ್ಕೆ ಬಿಡುವವಳೇ? ಚೆನ್ನಾಗಿ ಅಂದರೆ ಹೇಗೆ, ಏನು ಉಟ್ಟಿದ್ದ, ಏನು ತಿಂದ? ಒಂದು ವರ್ಷ ಅವನು ದಪ್ಪಗಾಗಿದ್ದ. ಮರುವರ್ಷ ತೆಳ್ಳಗೆ. ಇನ್ನೊಂದು ವರ್ಷ ಗಡ್ಡ ಬಿಟ್ಟಿದ್ದ. ಆಮೇಲೊಮ್ಮೆ ಸಣ್ಣಗೆ ಕೆಮ್ಮು. ದಪ್ಪಗಿದ್ದವನು ಒಂದೇ ವರ್ಷದಲ್ಲಿ ಏಕೆ ಇಳಿದ, ಗಡ್ಡ ಏಕೆ ಬಿಟ್ಟ, ಕ್ಷೌರಿಕನಿಲ್ಲವೋ ಕೈಯಲ್ಲಾಗುತ್ತಿಲ್ಲವೋ, ಇದನ್ನೆಲ್ಲ ಕೂಡಿಸಿ ಕಳೆದು, ತಿಂಗಳುಗಟ್ಟಲೆ ಕೊರಗಿ, ಮುಂದಿನ ಗಂಟಿನಲ್ಲಿ ಜ್ಯೇಷ್ಠಮಧು ಸೇರಿಸುತ್ತಿದ್ದಳು. ಸುದ್ದಿ ಬಾರದಿದ್ದರೆ ಒಂದು ಚಿಂತೆ, ಬಂದರೆ ನಾಲ್ಕು.

ಹೀಗೆ ಹನ್ನೊಂದು ಹಾರ ಹೋದವು. ಹನ್ನೆರಡನೆಯದನ್ನು ಒಯ್ದವನು ಆಶಾಕಾಜಿ, ವ್ಯಾಪಾರಕ್ಕೆ ಹೊಸಬ, ಹಿಟ್ಟಿನಂಗಡಿಯವನ ಮಗ, ಪ್ರಾಮಾಣಿಕ. ಪ್ರಾಮಾಣಿಕತೆಯಿಂದ ಇಷ್ಟು ಕೇಡಾದದ್ದನ್ನು ನಾನು ಮತ್ತೆ ಕಂಡಿಲ್ಲ. ಅವನು ಹಿಂತಿರುಗಿದವನು ಚೌಕದ ನಡುವೆ, ಬಿಸಿಲು ಕಾಯುತ್ತಿದ್ದ ಎಲ್ಲರೆದುರಿಗೆ, ಗಂಟನ್ನು ಬಿಚ್ಚದೆ ಹಾಗೆಯೇ ತಂದು ಅವಳ ಮಡಿಲಲ್ಲಿಟ್ಟ.

"ನಿಮ್ಮ ತಮ್ಮ ಸಿಕ್ಕಲಿಲ್ಲ ಅಕ್ಕ. ನಿಮ್ಮ ವಸ್ತು ನಿಮಗೆ."

ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಕ್ಕ ಕಳಿಸಿದ ಹಾರವನ್ನು ಅಕ್ಕನ ಮನೆಗೇ ವಾಪಸು ತರುವುದೆಂದರೆ ತಮ್ಮ ಸತ್ತನೆಂದು ಸಾರಿದ ಹಾಗೆ. ನಮ್ಮವರು ಯಾರೂ ಅದನ್ನು ಮಾಡುವುದಿಲ್ಲ. ನನ್ನ ಚಿಕ್ಕಪ್ಪ ಎದ್ದು, "ಲೋ ಬುದ್ಧಿಗೇಡಿ, ದಾರಿಯಲ್ಲಿ ಸಿಗೋ ಫಾರಿಯ ಛತ್ರದಲ್ಲಿ ಬಾಗಿಲ ಪಕ್ಕ ಗೂಟ ಇಲ್ವೇನೋ? ಅಲ್ಲಿ ನೇತುಹಾಕಿ ಬರಕ್ಕೆ ಏನಾಗಿತ್ತು?" ಎಂದು ಗದರಿದ.

"ನೋಡ್ದೆ ಮಾವ. ಗೂಟದಲ್ಲಿ ಹನ್ನೊಂದು ಹಾರ ಇದಾವೆ. ಇದಕ್ಕೆ ಜಾಗ ಇರ್ಲಿಲ್ಲ."

ಹನ್ನೊಂದು ವರ್ಷ ಹನ್ನೊಂದು ಮಂದಿ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅದೇ ಗೂಟಕ್ಕೆ ಹಾರ ತಗಲಿಹಾಕಿ, ಅದೇ ಸುಳ್ಳನ್ನು ಹೇಳಿದ್ದರು. ಅವರಲ್ಲಿ ನನ್ನ ಚಿಕ್ಕಪ್ಪನೂ ಒಬ್ಬ. ನಾನು ಬರೆದ ಕಾಗದಗಳೂ ಆ ಗೂಟದಲ್ಲೇ ಇದ್ದಿರಬೇಕು. ಮೋತಿಯಕ್ಕ ಎದ್ದು ನಿಂತಳು.

"ಹಾಗಾದ್ರೆ ಗಡ್ಡ?"

"ಗಡ್ಡ ನಾನು ಇಟ್ಟಿದ್ದು, ತಾಯಿ," ಎಂದ ಚಿಕ್ಕಪ್ಪ, ತಲೆ ತಗ್ಗಿಸಿ.

"ದಪ್ಪ ಆಗಿದ್ದು?" ಮೂಲೆಯಿಂದ ಒಬ್ಬ ಕೈ ಎತ್ತಿದ. "ತೆಳ್ಳಗಾಗಿದ್ದು?" ಇನ್ನೊಬ್ಬ. "ಕೆಮ್ಮು?"

ಕೆಮ್ಮನ್ನು ಇತ್ತವನು ಆ ಚಳಿಗಾಲ ತೀರಿಕೊಂಡಿದ್ದ. ಅವನ ಹೆಂಡತಿ ಮೆಲ್ಲಗೆ, "ನಮ್ಮವರಿಗೇ ಕೆಮ್ಮಿತ್ತು ಅಕ್ಕ, ಅದನ್ನೇ ಹೇಳಿರ್ಬೇಕು" ಎಂದಳು.

ಮೋತಿಯಕ್ಕ ಆ ಹೆಂಗಸಿನ ಕಡೆ ತಿರುಗಿದಳು. ಅಳುತ್ತಾಳೆ, ಶಪಿಸುತ್ತಾಳೆ ಎಂದು ನಾವು ಕಾದೆವು. "ಸದ್ಯ," ಎಂದಳು, "ಕೆಮ್ಮಿಲ್ಲ ಅವನಿಗೆ." ಹಾರವನ್ನು ಎತ್ತಿಕೊಂಡು, ನಮ್ಮೆಲ್ಲರನ್ನೂ ಬಲಕ್ಕಿಟ್ಟುಕೊಂಡು ಸುತ್ತಿ ಮನೆಗೆ ಹೋದಳು.

ಆದರೆ ಸುಳ್ಳು ಕಳಚಿಬಿದ್ದ ಮೇಲೆ ಎಣಿಕೆ ಶುರುವಾಯಿತು. ಸುದ್ದಿಯಿಲ್ಲದೆ ಹನ್ನೆರಡು ವರ್ಷ ಕಳೆದವನನ್ನು ಸತ್ತವನೆಂದು ಬಗೆದು, ದರ್ಭೆಯ ಬೊಂಬೆ ಕಟ್ಟಿ ಸುಟ್ಟು ಕರ್ಮ ಮಾಡಬೇಕೆಂಬುದು ಶಾಸ್ತ್ರ. ವರ್ಷವರ್ಷವೂ ಸುದ್ದಿ ಬರುತ್ತಿದ್ದಾಗ ಯಾರೂ ಎಣಿಸಿರಲಿಲ್ಲ. ಈಗ ಕೊನೆಯ ಕಾಗದದಿಂದ ಎಣಿಸಿದರೆ ಆ ಫಾಲ್ಗುಣಕ್ಕೆ ಹನ್ನೆರಡು ತುಂಬುತ್ತಿತ್ತು. ಕರ್ಮ ಆಗಲೇಬೇಕೆಂದು ಹಟ ಹಿಡಿದವಳು ಬೇರೆ ಯಾರೂ ಅಲ್ಲ, ತಂಗಿ ನಾನಿ. ಪಾಟಣದಿಂದ ಓಡಿಬಂದು ಅಕ್ಕನ ಕಾಲ ಬಳಿ ಕೂತಳು.

"ಸಾಕು ಕಣಕ್ಕ. ಹನ್ನೆರಡು ವರ್ಷದಿಂದ ಅಣ್ಣ ಹಸ್ಕೊಂಡು ಅಲೀತಿದ್ದಾನೆ. ಕನಸಲ್ಲಿ ಬಂದು ಬಾಗಿಲಾಚೆ ನಿಲ್ತಾನೆ, ಒಳಗೆ ಬಾ ಅಂದ್ರೆ ಬರಲ್ಲ. ಹೊಸಿಲು ದಾಟಕ್ಕಾಗದೆ ನಿಲ್ಲೋರು ಸತ್ತವರು ತಾನೇ?"

"ಬೂಟು ಬಿಚ್ಚುತಿರ್ತಾನೆ ಕಣೇ. ಆ ಕಡೆಯ ಬೂಟು ಬಿಚ್ಚಕ್ಕೆ ಹೊತ್ತು ಹಿಡಿಯುತ್ತೆ."

"ತಮಾಷೆ ಮಾಡ್ಬೇಡ."

"ತಮಾಷೆ ಅಲ್ಲ. ಬದುಕಿರೋನ ಬೊಂಬೆ ಸುಟ್ರೆ ಅಲ್ಲಿ ಅವನ ಮೈ ಕಾಯುತ್ತೆ. ಹಿಮದಲ್ಲಿ ಜ್ವರ ಬಂದು ಬಿದ್ರೆ ಯಾರು ನೋಡ್ತಾರೆ? ನೀನು ನೋಡ್ತೀಯಾ?"

"ಸತ್ತೋನಿಗೆ ತುತ್ತು ಇಡ್ದೆ ಕೂತ್ರೆ ಅದನ್ನ ಯಾರು ನೋಡ್ತಾರೆ? ನೀನು ನೋಡ್ತೀಯಾ?"

ಒಬ್ಬಳಿಗೆ ತಾನೆಲ್ಲಿ ಅವನನ್ನು ಕೊಂದುಬಿಡುವೆನೋ ಎಂಬ ಭಯ, ಇನ್ನೊಬ್ಬಳಿಗೆ ತಾನೆಲ್ಲಿ ಅವನನ್ನು ಉಪವಾಸ ಕೆಡವಿದ್ದೇನೋ ಎಂಬ ಭಯ. ಯಾರದು ಸರಿ ಎಂದು ಹೇಳಬಲ್ಲವನು ಒಬ್ಬನೇ. ಅವನ ವಿಳಾಸ ಯಾರಿಗೂ ಗೊತ್ತಿರಲಿಲ್ಲ. ಆ ವಾರವಿಡೀ ನಾನಿ ಅನ್ನ ಮುಟ್ಟಲಿಲ್ಲ, ಅವನು ತಿನ್ನದೆ ನಾನು ಹೇಗೆ ತಿನ್ನಲಿ ಎಂದು. ಎಂಟನೆಯ ದಿನ ತಂಗಿ ಗೋಡೆ ಹಿಡಿದು ನಡೆಯುವುದನ್ನು ಕಂಡು ಮೋತಿಯಕ್ಕ, "ಆಯ್ತು, ಮಾಡ್ಸು. ನಾನು ಹೊಳೆಗೆ ಬರಲ್ಲ" ಎಂದಳು.

ಕರ್ಮ ಮಾಡಿಸುವ ಗುಭಾಜು ಬಂದು, ಬೊಂಬೆಗೆ ಹೊದಿಸಲು ಹೋದವನ ಒಂದು ಬಟ್ಟೆ ಬೇಕು ಎಂದರು. ಎಲ್ಲರ ಕಣ್ಣೂ ಅವಳ ಮೈಮೇಲಿನ ಕೋಟಿನ ಕಡೆ ತಿರುಗಿತು. ಅದನ್ನು ಅವಳಿಂದ ಕಳಚುವವರು ಯಾರು? ಅವಳು ಜೇಬಿನ ಅಕ್ರೋಟುಗಳನ್ನೆಲ್ಲ ಮೊರಕ್ಕೆ ಸುರಿದು, ಕೋಟು ಬಿಚ್ಚಿ, ಮಡಿಸಿ, ತಂಗಿಯ ಕೈಗೆ ಕೊಟ್ಟಳು. ಕೋಟಿಲ್ಲದ ಮೋತಿಯಕ್ಕ ಅಷ್ಟು ಚಿಕ್ಕವಳು ಎಂದು ನಮಗೆ ಆವತ್ತೇ ತಿಳಿದದ್ದು.

ವಿಷ್ಣುಮತಿಯ ದಂಡೆಯಲ್ಲಿ ನಾನಿಯ ಹಿರಿಯ ಮಗ ಬೆಂಕಿ ಕೊಟ್ಟ. ಹೊದಿಸುವ ಮುಂಚೆ ನಾನಿ ಆ ಕೋಟನ್ನು ಮಡಿಲಲ್ಲಿ ಹರಡಿಕೊಂಡು, ಅದರ ಹಿತ್ತಾಳೆಯ ಗುಂಡಿಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದಳು. ದುಃಖವೆಂದುಕೊಂಡೆ. ಆಮೇಲೆ ತಲೆಯೆತ್ತಿ, "ಹೊದಿಸಿ" ಎಂದಳು. ಅವಳಂಥ ಅಳುಬುರುಕಿ ಆವತ್ತು ಒಂದು ಹನಿ ಕಣ್ಣೀರು ಹಾಕಲಿಲ್ಲ. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡಳು.

ಆ ವರ್ಷದ ಸ್ವಂತಿ ಬಂತು. ಕರ್ಮವಾದವನಿಗೆ ಮಂಡಲ ಬರೆಯುವಂತಿಲ್ಲ. ಇನ್ನೊಬ್ಬ ಸಹೋದರನಿಲ್ಲದ ನಾನಿ ತವರಿಗೆ ಬರಬೇಕಾದ ಕಾರಣವೂ ಇರಲಿಲ್ಲ. ಆದರೂ ಯಮದ್ವಿತೀಯೆಯ ಬೆಳಿಗ್ಗೆ ಬಂದಳು. ಬಾಗಿಲು ತೆರೆದವನು ನಾನು. ಕೋಟಿಲ್ಲದೆ ಶೀತ ಹಿಡಿದಿದ್ದ ಅಕ್ಕನಿಗೆ ಕಷಾಯ ಕೊಡಲೆಂದು ಹೋಗಿದ್ದೆ. ನಾನಿಯ ಹಿಂದೆಯೇ ಮೂರನೆಯ ಅಂತಸ್ತಿಗೆ ಹತ್ತಿದೆ. ಕಿಟಕಿಯ ಬಳಿ ಅದೇ ಚಾಪೆ, ಅದೇ ಖಾಲಿ ಆಸನ. ಹೊಸದಾಗಿ ಬರೆದ ಮಂಡಲ. ಅದರ ಸುತ್ತ ಎಣ್ಣೆಯ ಬಳೆ ಬಿಸಿಲಿಗೆ ಹೊಳೆಯುತ್ತಿತ್ತು. ಮೋತಿಯಕ್ಕ ಮಗ್ಗುಲಲ್ಲಿ ಕೂತಿದ್ದಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ. ಹೆಬ್ಬೆರಳನ್ನು ಸೆರಗಿನಲ್ಲಿ ಬಚ್ಚಿಟ್ಟಳು.

"ಬಯ್ಯೋದಾದ್ರೆ ಬಯ್ದುಬಿಡು," ಎಂದಳು. "ಒಂದು ದಿನಾನೂ ನಿಲ್ಸಿಲ್ಲ. ನೀವು ಹೊಳೆಯಲ್ಲಿ ಸುಡ್ತಿದ್ದಾಗ್ಲೂ ಇಲ್ಲಿ ಎಳೀತಿದ್ದೆ."

ನಾನಿ ಕೂತು ಗಂಟು ಬಿಚ್ಚಿದಳು. ಒಳಗೆ ಅವಳೇ ಪೋಣಿಸಿದ ಮಖಮಲಿ ಹಾರವಿತ್ತು.

"ಆ ಕೋಟು ಅಣ್ಣಂದಲ್ಲ ಅಂತ ಹೊಳೆ ದಂಡೆಯಲ್ಲಿ ಗುಂಡಿ ನೋಡಿದ ಮೇಲೇ ನಂಗೆ ಗೊತ್ತಾಗಿದ್ದು ಅಕ್ಕ. ಅಣ್ಣ ಹೊರಡೋ ಹಿಂದಿನ ದಿನ ಅವನ ಕೋಟಿಗೆ ಕೊಂಬಿನ ಗುಂಡಿ ಹೊಲಿದವಳು ನಾನು. ಕೆಂಪು ದಾರ ಹಾಕಿದ್ದೆ. ಅದನ್ನೇ ತೊಟ್ಕೊಂಡು ಹೋದ."

"ಥಿಮಿಯವನದು," ಎಂದಳು ಮೋತಿಯಕ್ಕ. "ಅಡಿಕೆ ಇಟ್ಟು ಬಂದ ದಿನ ಚಳಿ ಜಾಸ್ತಿ ಇತ್ತು, ಗೂಟದಿಂದ ತೊಗೊಂಡು ಬಂದಿದ್ದೆ. ಅವನು ಸತ್ತು ಏಳು ವರ್ಷ ಆಯ್ತು. ಅವನ ವಸ್ತು ಅವನಿಗೆ ಸೇರ್ತು, ಬಿಡು."

"ಅಲ್ಲೇ ಹೇಳ್ಬೇಕು ಅಂದ್ಕೊಂಡೆ. ಹಿತ್ತಾಳೆ ಗುಂಡಿ ನೋಡಿ ಎದೆ ಹಗುರಾಗೋಯ್ತು ಅಕ್ಕ. ಅಣ್ಣನ್ನ ಸುಡ್ತಿಲ್ಲ ಅಂತ ಗೊತ್ತಾಯ್ತು. ಆಮೇಲೇ ನಂಗೆ ಹಸಿವಾಗಿದ್ದು."

ನಾನಿ ಬಟ್ಟಲಿನ ಎಣ್ಣೆಯಲ್ಲಿ ತನ್ನ ಹೆಬ್ಬೆರಳನ್ನು ಅದ್ದಿ, ಆಸನವನ್ನು ಬಲಕ್ಕಿಟ್ಟುಕೊಂಡು ಮೊಣಕಾಲೂರಿ, ಅಕ್ಕ ಎಳೆದಿದ್ದ ಬಳೆಯ ಮೇಲೆಯೇ ಇನ್ನೊಂದು ಸುತ್ತು ಎಳೆದಳು. ಅಕ್ಕ, "ಅಲ್ಲಿ ತೆಳ್ಳಗಾಯ್ತು ನೋಡು, ಇನ್ನೊಂದು ಸಲ" ಎಂದಳು.

ಮೋತಿಯಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಬೇಖಾರತ್ನನ ಸುದ್ದಿ ಇಂದಿಗೂ ಬಂದಿಲ್ಲ. ಹಾಗೆ ಕಾಯುವವರನ್ನು ಜನ ಆಶಾವಾದಿಗಳೆಂದು ಹೊಗಳುವುದನ್ನೂ ಹುಚ್ಚರೆಂದು ಮರುಗುವುದನ್ನೂ ಕೇಳಿದ್ದೇನೆ. ಎರಡೂ ಸುಳ್ಳು. ಆಶೆಯಿದ್ದವರಿಗೆ ನಿದ್ದೆ ಬರುತ್ತದೆ, ಹುಚ್ಚರಿಗೆ ಭಯವಿರುವುದಿಲ್ಲ. ಇವರಿಗೆ ಅದೂ ಇಲ್ಲ, ಇದೂ ಇಲ್ಲ. ಊರೂರು ಅಲೆಯುವ ಅಣ್ಣತಮ್ಮಂದಿರಿಗೆ ಲೋಕವೆಲ್ಲ ಸಿಕ್ಕಿದರೆ, ಅವರ ಅಕ್ಕತಂಗಿಯರ ಪಾಲಿಗೆ ಒಂದು ಚಾಪೆಯಗಲದ ನೆಲ ಉಳಿಯುತ್ತದೆ, ಮತ್ತು ಆ ನೆಲದಲ್ಲಿ ದಿನಾ ಮಾಡಲೇಬೇಕಾದ ಒಂದು ಕೆಲಸ. ಅವನು ಇದ್ದಾನೋ ಇಲ್ಲವೋ ಎಂದು ಕೇಳಲು ಅವರಿಗೆ ಪುರಸೊತ್ತಿರುವುದಿಲ್ಲ, ಎಣ್ಣೆ ಆರುತ್ತಿರುತ್ತದೆ. ಮೊನ್ನೆ ಪಾಟಣಕ್ಕೆ ಹೋಗಿದ್ದಾಗ, ಹಲ್ಲಿಲ್ಲದ ಮುದುಕಿಯಾಗಿರುವ ನಾನಿಹೇರಾ ನನಗೆ ಒಂದು ಬಟ್ಟಲು ಅವಲಕ್ಕಿ ಕೊಟ್ಟಳು. ಬಟ್ಟಲಿನ ಅಂಚಿನಲ್ಲಿ ಎಣ್ಣೆಯ ಹೆಬ್ಬೆಟ್ಟಿತ್ತು.